ಜೋಡಿ ಪದಗಳ ಪಿಡಿಎಫ್ ಮತ್ತು ನಮ್ಮ ಎರಿ–ಮಸಾರಿ

ಪ್ಲೇಸ್‌ಮೆಂಟ್ ಹತ್ತಿರ ಬಂತು ಅಂದ್ರೆ ಹಾಸ್ಟೆಲ್ ವಾಟ್ಸಾಪ್ ಗುಂಪುಗಳಿಗೆ ಒಂದು ಪಿಡಿಎಫ್ ತಪ್ಪದೇ ಬಂದು ಬೀಳುತ್ತದೆ. ಹೆಸರು ವರ್ಷವರ್ಷ ಬದಲಾಗುತ್ತದೆ, ಒಳಗಿನ ಸರಕು ಮಾತ್ರ ಅದೇ. ನೋಡಲು ಒಂದರಂತೆ ಇನ್ನೊಂದು ಇರುವ, ಇಲ್ಲವೇ ಅರ್ಥದಲ್ಲಿ ಅಕ್ಕಪಕ್ಕ ಕೂತಿರುವ ಇಂಗ್ಲಿಷ್ ಪದಗಳ ಜೋಡಿಗಳು. ಅಫೆಕ್ಟ್–ಎಫೆಕ್ಟ್, ಲೆಂಡ್–ಬಾರೋ, ಬಿಸೈಡ್–ಬಿಸೈಡ್ಸ್, ಹೀಗೆ ನೂರಾರು. ಕಾಲೇಜು ನಡೆಸುವವನು ಪ್ರಿನ್ಸಿಪಲ್, ಆರ್ಕಿಮಿಡೀಸನದೂ ಪ್ರಿನ್ಸಿಪಲ್. ಇಂಗ್ಲಿಷಿನಲ್ಲಿ ಇವೆರಡರ ಸ್ಪೆಲ್ಲಿಂಗ್ ಬೇರೆ. ನಮ್ಮ ಲಿಪಿ ದನಿ ನೋಡಿ ಬರೆಯುವಂಥದ್ದು, ಅದಕ್ಕೆ ಈ ತಂಟೆಯೇ ಇಲ್ಲ!

ಈ ಪಿಡಿಎಫ್ ಬಗ್ಗೆ ನಮ್ಮ ಕನ್ನಡ ಬಳಗದವರಿಗೆ ಒಂದು ತಕರಾರಿದೆ. ಅದರಲ್ಲಿರುವುದು ತಪ್ಪು ಅಂತಲ್ಲ. ಎಲ್ಲ ಜೋಡಿಗಳನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುತ್ತದೆ ಎನ್ನುವುದು ಮೊದಲ ತಕರಾರು. ಕಲಿಯುವವರು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಿಂದ ಬಂದವರು, ಅವರ ತಲೆಯಲ್ಲಿ ಆಗಲೇ ಒಂದು ಭಾಷೆ ಪಕ್ಕಾ ಕೂತಿದೆ ಎನ್ನುವುದನ್ನು ಅದು ಮರೆಯುತ್ತದೆ ಎನ್ನುವುದು ಎರಡನೆಯದು.

ಮೊದಲನೆಯದನ್ನೇ ನೋಡೋಣ. ಬಿಸೈಡ್ ಇರಬೇಕಾದಲ್ಲಿ ಬಿಸೈಡ್ಸ್ ಅಂದರೆ ಏನೂ ಮುಳುಗುವುದಿಲ್ಲ, ಕೇಳಿದವರಿಗೆ ಅರ್ಥ ಆಗೇ ಆಗುತ್ತದೆ. ಆದರೆ ಕೆಲವು ಜೋಡಿಗಳಿವೆ, ಅವುಗಳ ಮೇಲೆ ಭಾರ ನಿಂತಿರುತ್ತದೆ. 1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ಹೊರಟ ಏವಿಯಾಂಕಾ 52 ಎಂಬ ವಿಮಾನ ನ್ಯೂಯಾರ್ಕಿನ ಕೆನಡಿ ನಿಲ್ದಾಣದ ಹತ್ತಿರ ಬಂದಿತ್ತು. ಹವಾಮಾನ ಕೆಟ್ಟಿತ್ತು, ಒಂದು ತಾಸಿಗಿಂತ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತಬೇಕಾಯಿತು. ಇಂಧನ ತಳ ಕಾಣತೊಡಗಿತು. ವಿಮಾನದವರು ನೆಲದ ಕಂಟ್ರೋಲರ್‌ಗಳಿಗೆ ‘ಪ್ರಯಾರಿಟಿ’ ಬೇಕು ಎಂದರು. ‘ಎಮರ್ಜೆನ್ಸಿ’ ಎಂಬ ಪದವನ್ನು ಬಳಸಲೇ ಇಲ್ಲ. ನೆಲದ ಮೇಲಿದ್ದವರ ಕಿವಿಗೆ ಪ್ರಯಾರಿಟಿ ಅಂದರೆ ಸ್ವಲ್ಪ ಮುಂಚೆ ಇಳಿಸಿರಿ ಎಂಬ ಕೋರಿಕೆ. ಎಮರ್ಜೆನ್ಸಿ ಅಂದಿದ್ದರೆ ಉಳಿದದ್ದೆಲ್ಲ ಬಿಟ್ಟು ಇವರಿಗೇ ದಾರಿ ಬಿಡಬೇಕಿತ್ತು. ಇಳಿಯುವ ಮೊದಲ ಪ್ರಯತ್ನ ಸಫಲವಾಗಲಿಲ್ಲ. ಎರಡನೆಯ ಸುತ್ತಿಗೆ ಇಂಧನ ಉಳಿಯಲಿಲ್ಲ. ವಿಮಾನ ಲಾಂಗ್ ಐಲೆಂಡಿನಲ್ಲಿ ನೆಲಕ್ಕಪ್ಪಳಿಸಿ, ಇದ್ದ 158 ಜನರಲ್ಲಿ 73 ಜನ ಸತ್ತರು. ಪೈಲಟ್‌ಗಳ ಮನೆಮಾತು ಸ್ಪ್ಯಾನಿಷ್. ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ ಎಂದಲ್ಲ, ಬರುತ್ತಿತ್ತು. ಎರಡು ನೆರೆಹೊರೆಯ ಪದಗಳಲ್ಲಿ ಯಾವುದನ್ನು ಆರಿಸಬೇಕು ಎನ್ನುವ ಕಡೆ ದಾರಿ ತಪ್ಪಿತು.

ಈಗ ಎರಡನೇ ತಕರಾರು. ನಮ್ಮ ಊರಿನ ಹುಡುಗರಿಗೆ, ಹುಡುಗಿಯರಿಗೆ ಇಂಗ್ಲಿಷ್ ಪದಗಳ ಸೂಕ್ಷ್ಮ ಹೊಳೆಯುವುದಿಲ್ಲ ಅಂತ ಹೇಳುವವರಿದ್ದಾರೆ. ಇದು ಶುದ್ಧ ಸುಳ್ಳು. ಕುಷ್ಟಗಿ ಸೀಮೆಯ ಯಾವ ರೈತನನ್ನಾದರೂ ಹೊಲ ಎಂಥದ್ದು ಅಂತ ಕೇಳಿ ನೋಡ್ರಿ. ‘ಭೂಮಿ’ ಅಂತ ಉತ್ತರ ಬರೋದಿಲ್ಲ. ಎರಿಯೋ ಮಸಾರಿಯೋ ಅನ್ನೋದು ಮೊದಲು ಬರುತ್ತದೆ. ಕಪ್ಪು ಎರಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ; ಕೆಂಪು ಮಸಾರಿ ಬೇಗ ಆರುತ್ತದೆ. ಬಿತ್ತನೆಯ ಹೊತ್ತು, ಬೆಳೆ, ಮನೆಗೆ ಪಾಯ ತೆಗೆಯುವ ಆಳ, ಎಲ್ಲ ಆ ಒಂದು ಪದದ ಮೇಲೆ ನಿಂತಿವೆ. ಸಿವಿಲ್‌ನವರು ಮಣ್ಣಿನ ಲ್ಯಾಬಿನಲ್ಲಿ ಮೂರು ತಾಸು ಕೂತು ಕಂಡುಹಿಡಿಯುವುದರ ಅರ್ಧವನ್ನು ನಮ್ಮ ಅಜ್ಜ ಅಂಗೈಯಲ್ಲಿ ಮಣ್ಣು ತಿಕ್ಕಿ ಹೇಳುತ್ತಿದ್ದ.

ಗಂಗಾವತಿ ಕಡೆ ಬನ್ನಿ. ಗದ್ದೆಯಲ್ಲಿರುವುದು ಭತ್ತ, ಮಿಲ್ಲಿನಿಂದ ಬರುವುದು ಅಕ್ಕಿ, ತಟ್ಟೆಗೆ ಬೀಳುವುದು ಅನ್ನ. ಮುರಿದದ್ದು ನುಚ್ಚು, ಹುರಿದು ಉಬ್ಬಿದ್ದು ಮಂಡಕ್ಕಿ, ಕುಟ್ಟಿ ಚಪ್ಪಟೆ ಮಾಡಿದ್ದು ಅವಲಕ್ಕಿ. ಮೇಲಿನ ಸಿಪ್ಪೆ ಹೊಟ್ಟು, ಒಳಗಿನ ಪುಡಿ ತೌಡು; ಒಂದು ಬಾಯ್ಲರಿಗೆ, ಇನ್ನೊಂದು ಎಣ್ಣೆಗೆ ಮತ್ತು ದನಕ್ಕೆ. ಇಂಗ್ಲಿಷ್ ಇಲ್ಲಿ ‘ರೈಸ್’ ಅಂದು ಮುಂದೆ ನಡೆಯುತ್ತದೆ. ಪ್ಯಾಡಿ ಎಂಬ ಪದವನ್ನೂ ಅದು ಮಲಯ ಭಾಷೆಯಿಂದ ಎರವಲು ತಂದದ್ದು. ಹಾಗಂತ ಇಂಗ್ಲಿಷಿನವರು ದಡ್ಡರೇನು? ಅವರ ಊರಲ್ಲಿ ಭತ್ತ ಬೆಳೆಯಲಿಲ್ಲ, ಅಷ್ಟೇ.

ಇನ್ನೂ ಒಂದು ಉದಾಹರಣೆ ನಮಗೆ ಬಹಳ ಇಷ್ಟ. ನಮ್ಮ ಸೀಮೆ 1948ರ ತನಕ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು, ಕಚೇರಿಯ ಭಾಷೆ ಉರ್ದು. ಶಾಲೆಯ ಮುಖ ಕಾಣದ ರೈತರೂ ‘ಪಟ್ಟಾ’ ಬೇರೆ, ‘ಕಬ್ಜಾ’ ಬೇರೆ ಎನ್ನುವುದನ್ನು ಕಲಿತಿದ್ದರು. ಕಾಗದದ ಮೇಲೆ ಹೊಲ ಯಾರದು ಎನ್ನುವುದು ಪಟ್ಟಾ, ನಿಜವಾಗಿ ನೇಗಿಲು ಹೂಡುತ್ತಿರುವವರು ಯಾರು ಎನ್ನುವುದು ಕಬ್ಜಾ. ವ್ಯಾಕರಣದ ಪುಸ್ತಕ ಓದಿ ಯಾರೂ ಇದನ್ನು ಕಲಿಯಲಿಲ್ಲ. ತಪ್ಪಿದರೆ ಹೊಲ ಕೈಬಿಟ್ಟು ಹೋಗುತ್ತಿತ್ತು, ಅದಕ್ಕೆ ಕಲಿತರು. ಕಳೆದುಕೊಳ್ಳುವುದಿದ್ದಲ್ಲಿ ನಮ್ಮವರು ಪರಭಾಷೆಯ ಪದವನ್ನೂ ಕೂದಲು ಸೀಳುವಷ್ಟು ಸೂಕ್ಷ್ಮವಾಗಿ ಕಲಿತಿದ್ದಾರೆ.

ಹಾಗಾದರೆ ನಾವು ಎಡವುವುದು ಎಲ್ಲಿ? ಕನ್ನಡದಲ್ಲಿ ಒಂದೇ ಪದ ಇದ್ದು, ಇಂಗ್ಲಿಷಿನಲ್ಲಿ ಎರಡು ಮೂರು ಇದ್ದಲ್ಲಿ. ‘ಕೇಳು’ ತಗೊಳ್ಳಿ. ಸಪ್ಪಳ ಕೇಳಿತು, ಪಾಠ ಕೇಳಿದೆ, ಪ್ರಶ್ನೆ ಕೇಳಿದೆ, ಸಾಲ ಕೇಳಿದೆ. ಇಂಗ್ಲಿಷಿನಲ್ಲಿ ಹಿಯರ್, ಲಿಸನ್, ಆಸ್ಕ್ ಬೇರೆ ಬೇರೆ. ‘ನೆರಳು’ ಒಂದೇ, ಅಲ್ಲಿ ಬೇವಿನ ಗಿಡದ ಕೆಳಗೆ ಕೂತರೆ ಶೇಡ್, ನಿಮ್ಮ ಹಿಂದೆ ಬರುವುದು ಶ್ಯಾಡೋ. ಕೈಬೆರಳು, ಕಾಲ್ಬೆರಳು ಎರಡೂ ನಮಗೆ ಬೆರಳೇ. ‘ಮಾಡು’ ಅಂತೂ ಕೇಳಲೇಬೇಡಿ, ಅಡುಗಿ, ಕೆಲಸ, ಜಗಳ, ಊಟ ಎಲ್ಲವನ್ನೂ ಮಾಡುತ್ತೇವೆ, ಆಮೇಲೆ ಡೂ ಮತ್ತು ಮೇಕ್ ನಡುವೆ ಪೇಚಾಡುತ್ತೇವೆ. ಲೆಂಡ್–ಬಾರೋ ಗಲಿಬಿಲಿಯ ಮೂಲವೂ ಇಲ್ಲಿಯೇ ಇದೆ: ನಮ್ಮಲ್ಲಿ ‘ಕಡ’ ಅನ್ನೋದು ಒಂದು, ಅದರ ಮುಂದೆ ‘ಕೊಡು’ ಅಥವಾ ‘ತಗೋ’ ಹಚ್ಚಿದರೆ ದಿಕ್ಕು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ದಿಕ್ಕು ಕ್ರಿಯಾಪದದ ಹೊಟ್ಟೆಯಲ್ಲೇ ಇದೆ. ಲೆಂಡ್ ಅಂದರೆ ಕಡ ಕೊಡು, ಬಾರೋ ಅಂದರೆ ಕಡ ತಗೋ. ಒಂದು ಸಾಲಿನ ಮಾತು. ಪಿಡಿಎಫ್ ಇದನ್ನು ಇಂಗ್ಲಿಷಿನಲ್ಲೇ ಅರ್ಧ ಪುಟ ವಿವರಿಸಿ, ಓದಿದವರನ್ನು ಇನ್ನಷ್ಟು ಸಿಕ್ಕಿಸುತ್ತದೆ.

ತಪ್ಪು ಹುಟ್ಟುವುದು ಕನ್ನಡದ ಒಳಗಿಂದ. ಹಾಗಿದ್ದ ಮೇಲೆ ಅದಕ್ಕೆ ಮದ್ದನ್ನೂ ಕನ್ನಡದಲ್ಲೇ ಹುಡುಕಬೇಕು ಎನ್ನುವುದು ನಮ್ಮ ವಾದ.

ಇಷ್ಟು ಹೊತ್ತು ಹೇಳಿದ್ದು ದಿನಬಳಕೆಯದು. ಎಂಜಿನಿಯರಿಂಗ್ ಓದುವವರಿಗೆ ಪೆಟ್ಟು ಬೀಳುವುದು ಬೇರೆ ಜೋಡಿಗಳಲ್ಲಿ, ಅವು ಪಿಡಿಎಫ್‌ನಲ್ಲಿ ಇರುವುದೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿಯನ್ನು ನಮ್ಮ ಜಿಲ್ಲೆಯವರು ಮರೆಯುವುದಿಲ್ಲ. ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ಕೊಂಡಿ ತುಂಡಾಗಿ ಗೇಟು ಕೊಚ್ಚಿ ಹೋಯಿತು. ‘ಡ್ಯಾಮ್ ಒಡದೈತಿ’ ಅನ್ನೋದಕ್ಕೂ ‘ಗೇಟ್ ಹೋಗೈತಿ’ ಅನ್ನೋದಕ್ಕೂ ಎಷ್ಟು ಅಂತರ ಅಂತ ಹೊಳೆದಂಡೆಯ ಊರವರನ್ನು ಕೇಳಬೇಕು. ಮೊದಲನೆಯದಾದರೆ ಮಕ್ಕಳು ಮರಿ ಕಟ್ಟಿಕೊಂಡು ಎತ್ತರದ ಜಾಗಕ್ಕೆ ಓಡಬೇಕು. ಎರಡನೆಯದಾದರೆ ಹೊಳೆಗೆ ಇಳಿಯಬಾರದು, ಎಚ್ಚರದಿಂದಿರಬೇಕು. ನಾವು ದಿನಾ ‘ಡ್ಯಾಮ್ ತುಂಬೈತಿ’ ಅಂತೀವಿ. ತುಂಬುವುದು ಡ್ಯಾಮ್ ಅಲ್ಲ, ರಿಸರ್ವಾಯರ್. ಡ್ಯಾಮ್ ಅಂದರೆ ಗೋಡೆ, ಅಂದರೆ ಅಣೆಕಟ್ಟು. ಅದರ ಹಿಂದೆ ನಿಂತ ನೀರು ಜಲಾಶಯ. ಕನ್ನಡದಲ್ಲಿ ಎರಡು ಪದ ಚೆನ್ನಾಗಿಯೇ ಇವೆ, ‘ಡ್ಯಾಮ್’ ಬಂದು ಎರಡನ್ನೂ ನುಂಗಿತು.

ಅದೇ ವಾರ ಟಿವಿಯಲ್ಲಿ ಇನ್ನೊಂದು ಜೋಡಿ ಬಹಳ ಒದ್ದಾಡಿತು, ಕ್ಯೂಸೆಕ್ ಮತ್ತು ಟಿಎಂಸಿ. ಆ ಒಂದು ಗೇಟಿನಿಂದ ಸುಮಾರು 35,000 ಕ್ಯೂಸೆಕ್ ಹರಿದು ಹೋಗುತ್ತಿತ್ತು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಇದು ಓಟ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಇದು ಸಂಗ್ರಹ. ದಿನಕ್ಕೆ 86,400 ಸೆಕೆಂಡು. 35,000ದಿಂದ ಗುಣಿಸಿದರೆ ಹತ್ತಿರಹತ್ತಿರ 3 ಟಿಎಂಸಿ. ಅಂದರೆ ಆ ಬಾಯಿ ಮುಚ್ಚುವುದು ಒಂದು ದಿನ ತಡವಾದರೆ ಎಡದಂಡೆ ಕಾಲುವೆಯ ಗಂಗಾವತಿ, ಕಾರಟಗಿ ರೈತರ ಪಾಲಿನ ಕಣಜದಿಂದ 3 ಟಿಎಂಸಿ ಕಡಿಮೆ. ಲೆಕ್ಕ ಇಷ್ಟು ಸರಳ. ಎರಡು ಪದಗಳ ಭೇದ ಗೊತ್ತಿಲ್ಲದಿದ್ದರೆ ಮಾತ್ರ ಈ ಲೆಕ್ಕ ಮಾಡಲಿಕ್ಕೇ ಬರುವುದಿಲ್ಲ.

ಎಲೆಕ್ಟ್ರಿಕಲ್‌ನವರ ಪವರ್ ಮತ್ತು ಎನರ್ಜಿ ಇದೇ ಕಥೆ. ಯಲಬುರ್ಗಾ ಕಡೆ ಗುಡ್ಡ ಬಯಲುಗಳಲ್ಲಿ ಗಾಳಿಯಂತ್ರಗಳು ನಿಂತಿವೆ. ಒಂದು ಯಂತ್ರದ ಸಾಮರ್ಥ್ಯ 2 ಮೆಗಾವಾಟ್ ಅಂತ ಇಟ್ಟುಕೊಳ್ಳಿ. ಮೆಗಾವಾಟ್ ಅಂದರೆ ಕ್ಯೂಸೆಕ್ ಇದ್ದಂತೆ, ಓಟದ ಅಳತೆ. ಗಾಳಿ ಪೂರ್ತಿ ಬೀಸಿ ಅದು ಒಂದು ತಾಸು ತಿರುಗಿದರೆ 2,000 ಯೂನಿಟ್. ಯೂನಿಟ್ ಅಂದರೆ ಟಿಎಂಸಿ ಇದ್ದಂತೆ, ಕೂಡಿಬಿದ್ದದ್ದರ ಅಳತೆ. ಮನೆಯ ಬಿಲ್ಲು ಬರುವುದು ಯೂನಿಟ್ಟಿಗೆ. ನಾವೋ ಪವರ್, ಎನರ್ಜಿ, ವೋಲ್ಟೇಜ್ ಎಲ್ಲವನ್ನೂ ‘ಕರೆಂಟ್’ ಎಂಬ ಒಂದೇ ಚೀಲಕ್ಕೆ ತುಂಬಿದ್ದೇವೆ. ಹಾಗೆ ನೋಡಿದರೆ ಬೋರ್‌ವೆಲ್ ಇರುವ ರೈತರು ನಮಗಿಂತ ವಾಸಿ. ‘ಕರೆಂಟ್ ಐತಿ, ವೋಲ್ಟೇಜ್ ಇಲ್ಲ, ಮೋಟರ್ ಹಚ್ಚಬ್ಯಾಡ’ ಅಂತಾರೆ. ಮೋಟರ್ ಸುಟ್ಟರೆ ಕಿಸೆ ಸುಡುತ್ತದಲ್ಲ!

ಎಫಿಷಿಯಂಟ್ ಮತ್ತು ಎಫೆಕ್ಟಿವ್. ಇಂಟರ್‌ವ್ಯೂಗಳಲ್ಲಿ ಎರಡನ್ನೂ ಮಂಡಕ್ಕಿಗೆ ಖಾರ ಉದುರಿಸಿದಂತೆ ಉದುರಿಸುತ್ತೇವೆ. ಕುಷ್ಟಗಿಯ ದಾಳಿಂಬೆ ತೋಟ ನೋಡಿದರೆ ಸಾಕು. ಹಳೆಯ ಪದ್ಧತಿಯಲ್ಲಿ ಮಡಿ ತುಂಬ ನೀರು ಬಿಟ್ಟರೂ ಗಿಡಕ್ಕೆ ನೀರು ಸಿಗುತ್ತದೆ, ಕೆಲಸ ಆಯಿತು, ಅದು ಎಫೆಕ್ಟಿವ್. ಆದರೆ ಗಿಡಕ್ಕೆ ಹತ್ತಿದ್ದಕ್ಕಿಂತ ಹೆಚ್ಚು ನೀರು ಬಿಸಿಲಿಗೆ, ನೆಲದಾಳಕ್ಕೆ ಹೋಯಿತು. ಹನಿ ನೀರಾವರಿಯಲ್ಲಿ ಅದೇ ಕೆಲಸ ಕಡಿಮೆ ನೀರಿನಲ್ಲಿ ಆಗುತ್ತದೆ, ಅದು ಎಫಿಷಿಯಂಟ್. ಇನ್ನು ನೀರು ಬಹಳ ಉಳಿಸಿ ಗಿಡ ಒಣಗಿಸಿದವರೂ ಇದ್ದಾರೆ, ಅವರಿಗೆ ಎರಡೂ ಪದ ಸಲ್ಲುವುದಿಲ್ಲ.

ಅಕ್ಯುರಸಿ ಮತ್ತು ಪ್ರಿಸಿಷನ್ ವೈವಾದಲ್ಲಿ ಬೀಳುವ ದೊಡ್ಡ ಗುಂಡಿ. ಕನ್ನಡ ಪುಸ್ತಕಗಳೂ ಎರಡಕ್ಕೂ ‘ನಿಖರತೆ’ ಅಂದು ಕೈತೊಳೆದುಕೊಳ್ಳುವುದುಂಟು. ಗೋಲಿ ಆಟ ನೆನಪಿಸಿಕೊಳ್ಳಿ. ಹೊಡೆದ ಐದೂ ಗೋಲಿ ಒಂದೇ ಜಾಗಕ್ಕೆ ಹೋಗಿ ಬಿದ್ದವು, ಆದರೆ ಗುಳಿಯಿಂದ ಒಂದು ಗೇಣು ದೂರ. ಪ್ರಿಸಿಷನ್ ಇದೆ, ಅಕ್ಯುರಸಿ ಇಲ್ಲ. ಐದೂ ಗುಳಿಯ ಸುತ್ತಮುತ್ತ ಚೆಲ್ಲಾಪಿಲ್ಲಿ ಬಿದ್ದು, ಸರಾಸರಿ ತೆಗೆದರೆ ಗುಳಿಗೇ ಬರುತ್ತದೆ ಅಂದರೆ ಇದರ ತಿರುವುಮುರುವು. ನಾವು ಇದಕ್ಕೆ ‘ಗುರಿಮುಟ್ಟುವಿಕೆ’ ಮತ್ತು ‘ಒಂದೇತೆರ’ ಅಂತ ಹೆಸರಿಟ್ಟಿದ್ದೇವೆ. ಹೆಸರು ಯಾರಿಗೂ ಹಿಡಿಸಿಲ್ಲ, ಗೋಲಿ ಮಾತ್ರ ಎಲ್ಲರಿಗೂ ನೆನಪಿದೆ.

ಕಂಪ್ಯೂಟರ್ ಸೈನ್ಸಿನವರಿಗೆ ಫಾಲ್ಟ್ ಮತ್ತು ಫೇಲ್ಯೂರ್ ಇದೆ. ಬರೆಯುವವರು ತಪ್ಪು ಮಾಡುತ್ತಾರೆ, ಅದು ಕೋಡಿನೊಳಗೆ ಫಾಲ್ಟ್ ಆಗಿ ಕೂತಿರುತ್ತದೆ, ವರ್ಷಗಟ್ಟಲೆ ಸುಮ್ಮನೇ ಕೂತಿರಬಹುದು. ಒಂದು ದಿನ ಆ ದಾರಿಯಲ್ಲಿ ಪ್ರೋಗ್ರಾಮು ಓಡಿದಾಗ ಹೊರಗೆ ಕಾಣುವುದು ಫೇಲ್ಯೂರ್. ಕೊಂಡಿಯಲ್ಲಿ ಸವೆತವಿದ್ದರೆ ಅದು ಫಾಲ್ಟ್, ಗೇಟು ಹೋದದ್ದು ಫೇಲ್ಯೂರ್. ತಪಾಸಣೆ ಎಂಬ ಕೆಲಸ ಇರುವುದೇ ಇವೆರಡರ ನಡುವಿನ ಹೊತ್ತಿನಲ್ಲಿ.

ನಮ್ಮ ಬಳಗದಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಶಲ್ ಮತ್ತು ಶುಡ್. ಶಾಲೆಯಲ್ಲಿ ಶುಡ್ ಅನ್ನೋದು ಶಲ್‌ನ ಭೂತಕಾಲ ಅಂತ ಕಲಿಸಿ ಕೈಬಿಟ್ಟರು. ಆದರೆ ಸ್ಟ್ಯಾಂಡರ್ಡ್ ದಾಖಲೆಗಳಲ್ಲಿ ಶಲ್ ಅಂದರೆ ಕಡ್ಡಾಯ, ಶುಡ್ ಅಂದರೆ ಶಿಫಾರಸು, ಮೇ ಅಂದರೆ ಅನುಮತಿ. ಇಂಟರ್‌ನೆಟ್ ನಿಯಮಗಳನ್ನು ಬರೆಯುವವರು 1997ರಲ್ಲಿ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆಯನ್ನೇ ಹೊರಡಿಸಿದರು, ಮಸ್ಟ್, ಶಲ್, ಶುಡ್, ಮೇ ಇವುಗಳ ಅರ್ಥವನ್ನು ಕಟ್ಟಿಹಾಕಲಿಕ್ಕೆ. ಟೆಂಡರಿನಲ್ಲಿ ಶಲ್ ಇದ್ದದ್ದನ್ನು ಶುಡ್ ಅಂತ ಓದಿಕೊಂಡ ಗುತ್ತಿಗೆದಾರ ಬಿಲ್ಲಿನ ಹೊತ್ತಿಗೆ ಅಳಬೇಕಾಗುತ್ತದೆ. ಈ ಭೇದವನ್ನು ನಮ್ಮ ಹುಡುಗರಿಗೆ ಹೇಗೆ ತಿಳಿಸುವುದು ಅಂತ ತಲೆ ಕೆಡಿಸಿಕೊಂಡು ಕೂತಾಗ, ಕನ್ನಡದ ಸರ್ಕಾರಿ ಆದೇಶಗಳಲ್ಲೇ ಉತ್ತರ ಸಿಕ್ಕಿತು. ‘ಸಲ್ಲಿಸತಕ್ಕದ್ದು’ ಇದು ಶಲ್. ‘ಸಲ್ಲಿಸುವುದು ಸೂಕ್ತ’ ಇದು ಶುಡ್. ‘ಸಲ್ಲಿಸಬಹುದು’ ಇದು ಮೇ. ‘ತಕ್ಕದ್ದು’ ಅಂದ ಕೂಡಲೇ ತಹಶೀಲ್ದಾರ್ ಕಚೇರಿಯ ನೋಟಿಸ್ ಬೋರ್ಡು ಕಣ್ಮುಂದೆ ಬಂದು ಬೆನ್ನು ನೆಟ್ಟಗಾಗುತ್ತದೆ. ಆ ಪದವನ್ನು ಜಡ್ಡು ಹಿಡಿದ ಕನ್ನಡ ಅಂತ ನಗುವವರು ಇನ್ನೊಮ್ಮೆ ಯೋಚಿಸಲಿ.

ನಮ್ಮ ಮಾತಿಗೆ ಎರಡು ಕಡೆಯಿಂದ ಆಕ್ಷೇಪ ಬಂದಿದೆ. ಕನ್ನಡ ಬಳಗಕ್ಕೆ ಇಂಗ್ಲಿಷಿನ ಉಸಾಬರಿ ಯಾಕೆ ಅನ್ನುವವರು ಒಂದು ಕಡೆ. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಿದೆ, ಅದಕ್ಕೆ ಹೋರಾಡಿ ಎನ್ನುತ್ತಾರೆ. ಹೋರಾಡೋಣ, ಬೇಡ ಅಂದವರಾರು? ಆದರೆ ಪಾಠ ಕನ್ನಡದಲ್ಲಾದರೂ ಕೈಗೆ ಬರುವ ಡೇಟಾಶೀಟು, ಕೋಡ್ ಪುಸ್ತಕ, ಟೆಂಡರು ಬಹಳ ಕಾಲ ಇಂಗ್ಲಿಷಿನಲ್ಲೇ ಇರುತ್ತವೆ. ಅವುಗಳನ್ನು ಬಿಗಿಯಾಗಿ ಓದಲಿಕ್ಕೆ ಬಂದರೆ ನಾಳೆ ಅವನ್ನೇ ಕನ್ನಡಕ್ಕೆ ತರಲಿಕ್ಕೂ ಬರುತ್ತದೆ. ಪಕ್ಕದ ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್, ಆಮೇಲೆ 1894ರಲ್ಲಿ ಮಂಗಳೂರಿನಿಂದ ನಿಘಂಟು ಹೊರತಂದ ಕಿಟೆಲ್, ಇವರು ಕನ್ನಡ ಪದಗಳ ಸೂಕ್ಷ್ಮವನ್ನು ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡೇ ಕಲಿತರು. ನಮ್ಮ ಕಾಲಕ್ಕೆ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಒಂದೊಂದೇ ಪದದ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಬರೆದರು. ನಾವು ಕೇಳುತ್ತಿರುವುದು ಅದೇ ಕೆಲಸ, ದಿಕ್ಕು ಮಾತ್ರ ತಿರುವುಮುರುವು.

ಇನ್ನೊಂದು ಕಡೆಯವರು, ಇದೆಲ್ಲ ಬಿಡಿ, ಮೊದಲು ಫ್ಲೂಯೆಂಟಾಗಿ ಮಾತಾಡುವುದು ಕಲಿಯಿರಿ ಎನ್ನುತ್ತಾರೆ. ಇಲ್ಲಿ ನಾವು ಖಡಾಖಂಡಿತವಾಗಿ ಭಿನ್ನ. ಫಸ್ಟ್ ಇಯರಿನಲ್ಲಿ ಯಲಬುರ್ಗಾದ ಹಳ್ಳಿಯಿಂದ ಬಂದವರು ಎದ್ದು ನಿಂತು ‘ಇಸ್ಟ್ರೆಸ್ಸು’ ಅಂದಾಗ ಹಿಂದಿನ ಬೆಂಚಿನಿಂದ ನಗು ಬರುತ್ತದೆ. ನಕ್ಕವರಲ್ಲಿ ಎಷ್ಟು ಜನಕ್ಕೆ ಸ್ಟ್ರೆಸ್ ಮತ್ತು ಸ್ಟ್ರೇನ್ ಬೇರೆ ಮಾಡಿ ಹೇಳಲು ಬರುತ್ತದೆ? ಒಳಗೆ ಹುಟ್ಟುವ ಒತ್ತಡ ಒಂದು, ಅದರಿಂದ ಉದ್ದಗಲದಲ್ಲಾಗುವ ಬದಲಾವಣೆ ಇನ್ನೊಂದು. ಮೊದಲನೆಯದಕ್ಕೆ ಮಾನವಿದೆ, ಎರಡನೆಯದಕ್ಕೆ ಇಲ್ಲ. ಉಚ್ಚಾರ ಊರಿನದಾದರೆ ಸೇತುವೆ ಬೀಳುವುದಿಲ್ಲ. 371ಜೆ ಸರ್ಟಿಫಿಕೇಟು ಸೀಟು ಕೊಡಿಸುತ್ತದೆ, ಆ ನಗುವಿನಿಂದ ಕಾಪಾಡುವುದಿಲ್ಲ. ಆ ನಗುವಿಗೆ ಹೆದರಿ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಕೂತವರನ್ನು ನಾವು ಕಂಡಿದ್ದೇವೆ. ಅವರ ತಲೆಯಲ್ಲಿ ಭೇದ ಸ್ಪಷ್ಟವಾಗಿಯೇ ಇತ್ತು. ನಷ್ಟ ಯಾರಿಗೆ?

ಎಲ್ಲ ಜೋಡಿಗೂ ಇಷ್ಟು ಬಿಗಿ ಬೇಡ ಎನ್ನುವುದನ್ನೂ ಹೇಳಬೇಕು. ಪ್ರೀಪೋನ್ ಎಂಬುದು ನಮ್ಮ ದೇಶದ ಪದ ಅಂತ ಕೆಲವರು ಮೂಗು ಮುರಿಯುತ್ತಾರೆ. ಆಕ್ಸ್‌ಫರ್ಡ್ ನಿಘಂಟೇ ಅದನ್ನು ಒಳಗೆ ಕರೆದು ಕೂರಿಸಿದೆ, ಧಾರಾಳವಾಗಿ ಬಳಸಿ. ಪ್ರಶ್ನೆ ಇದ್ದಾಗ ‘ಡೌಟ್ ಇದೆ ಸರ್’ ಅನ್ನೋದು ಕ್ಯಾಂಪಸ್ಸಿನಲ್ಲಿ ನಡೆಯುತ್ತದೆ, ಹೊರದೇಶದ ಕ್ಲೈಂಟಿಗೆ ಬರೆದರೆ ಅವರ ಮಾತನ್ನೇ ಸಂಶಯಿಸಿದಂತೆ ಆದೀತು. ಇನ್‌ಫ್ಲೇಮಬಲ್ ಮತ್ತು ಫ್ಲೇಮಬಲ್ ಅಂತೂ ಜೋಡಿಯೇ ಅಲ್ಲ, ಎರಡಕ್ಕೂ ಬೆಂಕಿ ಹತ್ತುತ್ತದೆ! ‘ಇನ್’ ಅಂದರೆ ‘ಅಲ್ಲ’ ಎಂದು ತಿಳಿದು ಟ್ಯಾಂಕರಿನ ಪಕ್ಕ ಬೀಡಿ ಹಚ್ಚಬೇಡಿ.

ಈ ಸೆಮಿಸ್ಟರಿನಿಂದ ಬಳಗದ ಕೋಣೆಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಒಂದು ಪುಟಕ್ಕೆ ಒಂದು ಜೋಡಿ. ನಿಯಮ ಎರಡೇ: ಜೋಡಿ ನಿಮ್ಮ ಲ್ಯಾಬಿನದೋ ಸೈಟಿನದೋ ಇರಬೇಕು, ವಿವರಣೆ ನಿಮ್ಮ ಊರಿನ ವಸ್ತುವಿನ ಮೇಲೆ ನಿಂತ ಕನ್ನಡ ವಾಕ್ಯದಲ್ಲಿ ಇರತಕ್ಕದ್ದು. ಸಿಮೆಂಟ್–ಕಾಂಕ್ರೀಟ್, ಮೋಟರ್–ಪಂಪ್, ಸೇಫ್ಟಿ–ಸೆಕ್ಯುರಿಟಿ ಆಗಲೇ ತುಂಬಿವೆ. ಸದ್ಯ ಜಗಳ ನಡೆದಿರುವುದು ಫಟೀಗ್ ಮತ್ತು ಕ್ರೀಪ್ ಪುಟದಲ್ಲಿ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಬಗ್ಗಿಸಿ ಮುರಿಯುವುದು ಫಟೀಗ್ ಎನ್ನುವುದಕ್ಕೆ ಎಲ್ಲರೂ ಒಪ್ಪಿದ್ದಾರೆ. ಕ್ರೀಪ್‌ಗೆ ಕೊಪ್ಪಳದವರು ಹಳೇ ಮಾಳಿಗಿ ಮನೆಯ ತೊಲೆ ಮಣ್ಣಿನ ಭಾರಕ್ಕೆ ವರ್ಷಾನುಗಟ್ಟಲೆ ನಿಧಾನಕ್ಕೆ ಜೋತುಬಿದ್ದದ್ದನ್ನು ಬರೆದಿದ್ದಾರೆ. ಕಟ್ಟಿಗೆಯ ಉದಾಹರಣೆ ಕಬ್ಬಿಣಕ್ಕೆ ನಡೆಯದು ಅಂತ ಮೆಕ್ಯಾನಿಕಲ್‌ನವರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ. ಬಾಯ್ಲರ್ ಪೈಪನ್ನು ಹತ್ತಿರದಿಂದ ಕಂಡ ಗಂಗಾವತಿ ಮಿಲ್ಲಿನ ಮನೆಯವರು ಯಾರಾದರೂ ಇದ್ದರೆ ಆ ಪುಟಕ್ಕೆ ಬೇಗ ಬನ್ನಿ.